ಬೀರುವಿನ ಪಕ್ಕದ ದಾರಿ

ಬೀರುವಿನ ಕಾಲುಗಳು ಸೀಮೆಸುಣ್ಣದ ಗೆರೆಯೊಳಗೇ ಇವೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಇವತ್ತೂ ನೋಡಿದ. ಕಾಲುಗಳು ತಮ್ಮ ತಮ್ಮ ಬಿಳಿ ಚೌಕದೊಳಗೆ ಶಿಸ್ತಾಗಿ ನಿಂತಿದ್ದವು. ಮೋಸವಿಲ್ಲ. ಬನಿಯನ್ನಿನ ಅಂಚನ್ನು ಕೆಳಗೆ ಜಗ್ಗಿ, ಕೈಗಳನ್ನು ಇಳಿಬಿಟ್ಟು, ಬೀರುವಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ನೆಟ್ಟಗೆ ನಡೆದ. ಉಸಿರು ಒಳಗೆಳೆದುಕೊಂಡು ನಡೆದರೆ ಅದು ಲೆಕ್ಕಕ್ಕಿಲ್ಲ ಎಂಬುದು ಅವನೇ ತನಗೆ ಹಾಕಿಕೊಂಡಿದ್ದ ಕಾನೂನು. ಎಡಗಡೆ ಗೋಡೆ ತಾಗಲಿಲ್ಲ, ಬಲಗಡೆ ಬೀರುವಿನ ಹಿತ್ತಾಳೆ ಹಿಡಿ ತಾಗಲಿಲ್ಲ. ಅಕ್ಕನ ಮನೆಗೆ ಬಂದ ಹೊಸತರಲ್ಲಿ ಪಕ್ಕೆಯನ್ನು ಸವರಿಯೇ ಕಳಿಸುತ್ತಿದ್ದ ಹಿಡಿ ಈಗ ಪರಿಚಯವೇ ಇಲ್ಲದ ಹಾಗೆ ದೂರ ನಿಂತಿತ್ತು. ಈ ಮನೆಯಲ್ಲಿ ಅವನು ತಿನ್ನುತ್ತಿದ್ದುದನ್ನು ನೋಡಿದರೆ ಇದು ನ್ಯಾಯವಾಗಿ ಆಗಬಾರದ ಸಂಗತಿ. ಆದರೆ ಮೈಗೂ ಒಂದು ವಯಸ್ಸು ಬರುತ್ತದೆ, ಬುದ್ಧಿ ಬರುತ್ತದೆ, ಇಷ್ಟು ವರ್ಷ ಹೇಳಿದ ಮಾತು ಕೇಳದ ಮೈ ಈಗ ಹೇಳದಿದ್ದರೂ ಕೇಳುತ್ತಿದೆ ಎಂದು ಅವನು ತೀರ್ಮಾನಿಸಿದ್ದ. ಆ ತೀರ್ಮಾನದ ಮೇಲೆ ನಿನ್ನೆ ಎರಡು ಸಲ ಬೆಣ್ಣೆ ಹಾಕಿಸಿಕೊಂಡಿದ್ದ. ತೊಟ್ಟಿದ್ದು ಭಾವನ ಹಳೆಯ ಲಾಡಿ ಪೈಜಾಮ. ಲಾಡಿ ಯಾರಿಗೂ ಬೇಜಾರು ಮಾಡುವುದಿಲ್ಲ, ಎಷ್ಟು ಕೇಳಿದರೆ ಅಷ್ಟು ಬಿಟ್ಟುಕೊಡುತ್ತದೆ. ಬರುವಾಗ ಹಾಕಿಕೊಂಡು ಬಂದ ಪ್ಯಾಂಟು ಪೆಟ್ಟಿಗೆಯ ತಳದಲ್ಲಿ ಮಡಚಿಕೊಂಡು ಬಿದ್ದಿತ್ತು. ಅದನ್ನು ತೆಗೆದು ನೋಡಬೇಕೆಂದು ಅವನಿಗೆ ಯಾಕೋ ಅನ್ನಿಸಿರಲಿಲ್ಲ.

ಅವನು ಬಸ್ ಕಂಡಕ್ಟರ್. ಕಂಡಕ್ಟರ್ ಆಗಿದ್ದ ಎನ್ನಬೇಕೋ, ಮತ್ತೆ ಆಗುತ್ತಾನೆ ಎನ್ನಬೇಕೋ ಎಂಬುದೇ ಅವನ ಈಗಿನ ಸಂಕಟ. ಸೀಟುಗಳ ನಡುವಿನ ದಾರಿಯಲ್ಲಿ ಅವನು ನಡೆದರೆ ಎರಡೂ ಕಡೆಯವರು ಮೊಣಕಾಲು ಒಳಗೆಳೆದುಕೊಳ್ಳಬೇಕಾಗುತ್ತಿತ್ತು. ಜನ ತುಂಬಿದಾಗ ಅವನು ನಡೆಯುತ್ತಲೇ ಇರಲಿಲ್ಲ, ಮುಚ್ಚಳದ ಹಾಗೆ ನಿಂತಲ್ಲೇ ನಿಲ್ಲುತ್ತಿದ್ದ. ಒಂದು ದಿನ ಹಿಂದಿನ ಸೀಟಿನ ಹೆಂಗಸೊಬ್ಬಳು ಟಿಕೆಟ್ ದುಡ್ಡು ಹಿಡಿದುಕೊಂಡೇ ನಾಲ್ಕು ಸ್ಟಾಪ್ ಕಾದು, ಕೊನೆಗೆ ಇಡೀ ಬಸ್ಸಿಗೆ ಕೇಳುವ ಹಾಗೆ, "ಕಂಡಕ್ಟ್ರೇ, ನೀವು ಇಳಿದು ಹಿಂದಿನ ಬಾಗಿಲಿಂದ ಹತ್ತಿ ಬನ್ನಿ, ನಾವು ಕಾಯ್ತೀವಿ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಸಹಾನುಭೂತಿಯಿತ್ತು. ಅದೇ ಅವನಿಗೆ ಜೀರ್ಣವಾಗದೆ ಉಳಿದ ಒಂದೇ ಪದಾರ್ಥ. ಆಮೇಲೆ ಅವನನ್ನು ಡಿಪೋದಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಛತ್ರಿಗಳು, ಊಟದ ಡಬ್ಬಿಗಳು, ಯಾರದೋ ಹಲ್ಲಿನ ಸೆಟ್ಟು, ಒಂಟಿ ಚಪ್ಪಲಿಗಳ ನಡುವೆ ಅವನೂ ಯಾರೋ ಮರೆತು ಇಳಿದುಹೋದ ಸಾಮಾನಿನ ಹಾಗೆ ಕುಳಿತ. ಅಲ್ಲಿ ಕುಳಿತೇ ಮೈ ಇಳಿಸುವ ಹಟ ಹಿಡಿದ. ಬೇಯಿಸಿದ ಸೋರೆಕಾಯಿ ತಿಂದ, ಊಟವಾದ ಮೇಲೆ ಡಿಪೋದ ಗೋಡೆಯ ಸುತ್ತ ನಾಯಿಗಳೂ ಬೇಸತ್ತು ಹಿಂಬಾಲಿಸುವುದನ್ನು ಬಿಡುವಷ್ಟು ಸುತ್ತಿದ. ವರ್ಷ ತುಂಬುವಷ್ಟರಲ್ಲಿ ಇಳಿದ, ನಿಜವಾಗಿಯೂ ಇಳಿದ. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, "ರಜ ಮುಗಿಸಿಕೊಂಡು ಬಾ. ಹೊಸ ಬಸ್ಸು ಬಂದಿವೆ, ದಾರಿ ಇನ್ನೂ ಚಿಕ್ಕದು. ನನ್ನ ಎದುರಿಗೆ ಒಂದು ಸಲ ಹಿಂದಿನಿಂದ ಮುಂದಕ್ಕೆ ನೆಟ್ಟಗೆ ನಡೆದು ತೋರಿಸು, ರೂಟು ಕೊಡ್ತೀನಿ. ಅಡ್ಡ ತಿರುಗಿದೆಯೋ, ಛತ್ರಿ ಲೆಕ್ಕ ಹಾಕ್ಕೊಂಡು ರಿಟೈರ್ ಆಗು" ಎಂದಿದ್ದ. ಇಲ್ಲಿಗೆ ಬಂದ ದಿನವೇ ಅವನು ಬೀರುವಿನ ಪಕ್ಕದ ದಾರಿಯನ್ನು ಅಳೆದು, ಇದು ಸರಿಯಾಗಿ ಬಸ್ಸಿನ ದಾರಿಯಷ್ಟೇ ಇದೆ ಎಂದು ಕಂಡುಕೊಂಡಿದ್ದ.

ರಜ ಹಾಕಿ ಅಕ್ಕನ ಮನೆಗೆ ಬಂದದ್ದು ಅಮ್ಮನ ಕಣ್ಣಿಗಾಗಿ. ಎರಡೂ ಕಣ್ಣಿಗೆ ಪೊರೆ. ಒಂದರ ಆಪರೇಷನ್ ಆಗಿ, ಅದು ಮಾಗಿ, ಇನ್ನೊಂದರದೂ ಆಗಿ, ಕೊನೆಗೆ ಕನ್ನಡಕ ಬರುವವರೆಗೆ ಅವಳಿಗೆ ಎಲ್ಲ ಮಬ್ಬು, ಆಸ್ಪತ್ರೆಗೆ ಕರೆದುಕೊಂಡು ಓಡಾಡಲು ಒಬ್ಬರು ಬೇಕಿತ್ತು. ಅಕ್ಕನಿಗೆ ಮನೆ, ಭಾವನಿಗೆ ಮುಂದಿನ ಕೋಣೆಯಲ್ಲೇ ಮರಗೆಲಸ. ಬಂದ ದಿನ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಅವನು ಹತ್ತಿರ ಹೋಗಿ ಕುಳಿತಾಗ ಅವನ ಕೆನ್ನೆ ಮುಟ್ಟಿದಳು, ತೋಳು ಹಿಂಡಿದಳು, ಸಂತೆಯಲ್ಲಿ ತರಕಾರಿ ನೋಡುವವಳ ಹಾಗೆ ಇನ್ನೊಮ್ಮೆ ಹಿಂಡಿ ಕೈ ಹಿಂದಕ್ಕೆಳೆದುಕೊಂಡಳು. "ಇದ್ಯಾರು? ಮೂಟೆ ಎಲ್ಲಿ?" ಎಂದಳು. ಮೂಟೆ ಎಂದರೆ ಅವನೇ. ಹುಟ್ಟಿದಾಗಿನಿಂದ ಮನೆಯವರ ಬಾಯಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ. ಅಪ್ಪ ಹೆಗಲ ಮೇಲೆ ಹಾಕಿಕೊಂಡು 'ಮೂಟೆ ಬಂತು, ದಾರಿ ಬಿಡಿ' ಎಂದು ಮನೆ ತುಂಬ ಓಡುತ್ತಿದ್ದಾಗ ಅದು ಬಿರುದಿನ ಹಾಗಿತ್ತು, ಸ್ಕೂಲಿಗೆ ಹೋದ ಮೇಲೆ ಬೇರೆ ಹಾಗಾಯಿತು. ಈಗ ಅಮ್ಮನ ಕೈ ಅವನನ್ನು ಬಿಟ್ಟು ಗಾಳಿಯಲ್ಲಿ ಆ ಹಳೆಯ ಮೂಟೆಯನ್ನು ಹುಡುಕುತ್ತಿರುವುದನ್ನು ನೋಡಿ ಅವನಿಗೆ ಮೊದಲು ಹೆಮ್ಮೆಯಾಯಿತು. ಹಿಂದೆಯೇ, ಮನೆಯ ಬೆಳ್ಳಿ ಚಮಚ ಕದ್ದು ಮಾರಿ ಬಂದವನಂಥ ಕಳ್ಳತನದ ಭಾವನೆಯೂ ಬಂತು. "ನಾನೇ ಅಮ್ಮ" ಎಂದ. "ನೀನೇನಾ" ಎಂದಳು ಅಮ್ಮ, ನಂಬದೆ. ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಡ್ಡಿ ಆಗಿಬಿಟ್ಟಿದ್ದಾನಮ್ಮ. ಮುಖ ನೋಡೋಕಾಗಲ್ಲ. ನಿನಗೆ ಕಣ್ಣು ಕಾಣದೇ ಇದ್ದಿದ್ದೇ ಒಳ್ಳೇದಾಯ್ತು" ಎಂದಳು.

ಅಲ್ಲಿಂದ ಶುರು. ಆ ಮನೆಯಲ್ಲಿ 'ಸಾಕು' ಎಂಬ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಮೊದಲ 'ಸಾಕು' ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದು ಹೇಳುವಷ್ಟರಲ್ಲಿ ತಟ್ಟೆ ತುಂಬಿರುತ್ತಿತ್ತು. ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಅಕ್ಕ ಕೈಯ ಮೇಲೇ ಬಡಿಸುತ್ತಿದ್ದಳು. ಮ್ಯಾನೇಜರಿನ ವಿಷಯ, ಬಸ್ಸಿನ ದಾರಿಯ ವಿಷಯ ಎಲ್ಲ ಹೇಳಿ ನೋಡಿದ. ಅಕ್ಕ ಗಮನವಿಟ್ಟು ಕೇಳಿ, "ಅವನ ಬಸ್ಸು ಚಿಕ್ಕದಾದ್ರೆ ಅದು ನಿನ್ನ ತಪ್ಪಾ?" ಎಂದಳು. ಅಕ್ಕನನ್ನಾದರೂ ಎದುರಿಸಬಹುದಿತ್ತು. ಅಮ್ಮನನ್ನು ಎದುರಿಸುವ ದಾರಿ ಅವನಿಗೆ ಗೊತ್ತಿರಲಿಲ್ಲ. ಅಮ್ಮ ಪಕ್ಕದಲ್ಲೇ ಕುಳಿತು, ಏನೂ ಮಾತಾಡದೆ, ತನ್ನ ತಟ್ಟೆಯಿಂದ ಹುರಿದ ಆಲೂಗೆಡ್ಡೆಯ ಚೂರುಗಳನ್ನು ಬೆರಳಿಂದ ತಡಕಿ ಆರಿಸಿ ಅವನ ತಟ್ಟೆಯ ಅಂಚಿಗೆ ದಾಟಿಸುತ್ತಿದ್ದಳು. ಅದೂ ಬಾಣಲೆಯ ತಳ ಹಿಡಿದ ಗರಿಗರಿ ಚೂರುಗಳು, ಅವಳಿಗೆ ಪ್ರಾಣ. ಚಿಕ್ಕಂದಿನಲ್ಲಿ ಅವಕ್ಕಾಗಿ ಅವನೂ ಅಕ್ಕನೂ ಕೂದಲು ಹಿಡಿದು ಜಗಳವಾಡಿದರೂ ಅಮ್ಮ ತನ್ನ ಪಾಲು ಯಾರಿಗೂ ಬಿಟ್ಟುಕೊಟ್ಟವಳಲ್ಲ. 'ಮಾಡಿದವಳಿಗೆ ಮೊದಲು' ಎಂದು ಮುಲಾಜಿಲ್ಲದೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಂಥವಳು ಈಗ ಕೊಡುತ್ತಿದ್ದಾಳೆ. ಮೊದಲು ಒಂದು ಚೂರು ಬರುತ್ತಿತ್ತು, ಬರಬರುತ್ತ ಎಲ್ಲವೂ ಬರತೊಡಗಿದವು. "ನೀನು ತಿನ್ನಮ್ಮ" ಎಂದರೆ "ನಂಗ್ಯಾಕೆ ಇನ್ನು, ನೀನು ತಿನ್ನು" ಎನ್ನುತ್ತಿದ್ದಳು. ತಿಂದರೆ ತನ್ನ ರೂಟು ಹೋಯಿತು, ತಿನ್ನದಿದ್ದರೆ ಕಣ್ಣು ಕಾಣದ ತಾಯಿ ತಡಕಿ ಕೊಟ್ಟದ್ದನ್ನು ತಟ್ಟೆಯಲ್ಲಿ ಬಿಟ್ಟ ಮಗ. ತಿಂದ. ಪಾಪಪ್ರಜ್ಞೆಯಿಂದ ತಿಂದ ಆಲೂಗೆಡ್ಡೆಗೆ ಇಷ್ಟು ರುಚಿ ಇರಬಾರದು ಎಂದುಕೊಳ್ಳುತ್ತ ತಿಂದ. ಬೆಳಗ್ಗೆ ಎದ್ದು ನಡೆದು ನೋಡಿದರೆ ದಾರಿ ಅವನನ್ನು ಕ್ಷಮಿಸಿ ಬಿಡುತ್ತಿತ್ತು.

ಆ ದಾರಿಯನ್ನು ನಂಬಲು ಕಾರಣವೂ ಇತ್ತು. ಬೀರು ಭಾವನ ಕೈಕೆಲಸ. ಯಾರೋ ಹೇಳಿ ಮಾಡಿಸಿ, ಬಂದು ನೋಡಿ, ನಮ್ಮ ಮನೆಯೇ ಇಷ್ಟು ದೊಡ್ಡದಿಲ್ಲ ಎಂದು ಬಿಟ್ಟುಹೋದದ್ದು. ಹೊರಗೆ ಸಾಗಿಸಲು ಬಾಗಿಲು ಸಾಲದೆ ಮಲಗುವ ಕೋಣೆಯಿಂದ ಅಡುಗೆಮನೆಗೆ ಹೋಗುವ ಓಣಿಯಲ್ಲೇ ನಿಂತುಬಿಟ್ಟಿತ್ತು. ಅದರ ಹಿಂದೆ ಭಾವ ಹಲಗೆಗಳನ್ನು ಒಂದಕ್ಕೊಂದು ಆನಿಸಿ ಇಟ್ಟಿದ್ದ. ಅಮ್ಮನಿಗೆ ಮೊದಲ ಕಣ್ಣಿನ ಆಪರೇಷನ್ ಆದಾಗ, ಅವಳು ಮುಟ್ಟಿಕೊಂಡು ಓಡಾಡುತ್ತಾಳೆ, ಮನೆಯ ಒಂದು ಸಾಮಾನೂ ಜಾಗ ಬಿಟ್ಟು ಕದಲಬಾರದು ಎಂದು ಭಾವನೇ ಬೀರು, ಮೇಜು, ಕುರ್ಚಿ ಎಲ್ಲದರ ಕಾಲಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದಿದ್ದ. ಗುಡಿಸುವಾಗ ಅಕ್ಕ ಸ್ಟೂಲು ಸರಿಸಿದರೂ ಗೆರೆ ನೋಡಿ ವಾಪಸ್ಸು ಇಡಬೇಕು. ಡ್ರೈವರಿನ ಪಕ್ಕದ ಗೆರೆ ದಾಟಿ ಯಾರೂ ನಿಲ್ಲಬಾರದೆಂದು ವರ್ಷಗಟ್ಟಲೆ ಕೂಗಿದವನಿಗೆ ನೆಲದ ಮೇಲಿನ ಗೆರೆಯ ಬಗ್ಗೆ ಭಕ್ತಿಯೇ ಇತ್ತು.

"ಇವತ್ತು ಅಮ್ಮನ ಕನ್ನಡಕ ಬರುತ್ತೆ, ಹೊಟ್ಟೆ ತುಂಬ ತಿಂದು ಹೋಗು, ಅಲ್ಲಿ ಎಷ್ಟು ಹೊತ್ತು ಕಾಯಿಸ್ತಾರೋ" ಎಂದು ಅಕ್ಕ ಮೊಟ್ಟೆ ಒಡೆಯುತ್ತ ಹೇಳಿದಳು.

"ಒಂದು ಸಾಕು ಅಕ್ಕ."

"ಒಂದೇ" ಎಂದು ಅಕ್ಕ ಮೂರನೆಯದನ್ನು ಒಡೆದಳು.

ಭಾವ ಬಾಗಿಲಲ್ಲಿ ನಿಂತು ಟೀ ಕುಡಿಯುತ್ತ, "ಹೇಗಿದೆಯಪ್ಪ ಇವತ್ತು ನಡಿಗೆ?" ಎಂದ. "ಬಹಳ ಸಲೀಸು ಭಾವ. ನಿಮ್ಮನೆ ಊಟ ನನಗೆ ಒಗ್ಗಿದೆ" ಎಂದ ಅವನು. ಭಾವ ಟೀಯ ಲೋಟದೊಳಗೆ ಇಣುಕಿ ನೋಡುತ್ತ, "ಒಳ್ಳೇದಾಯ್ತು, ಒಳ್ಳೇದಾಯ್ತು" ಎಂದು ಗರಗಸದ ಕಡೆ ಹೊರಟುಹೋದ.

ಹೊರಗೆ ಹೋಗಲು ಪ್ಯಾಂಟು ಬೇಕಾಯಿತು. ಇಷ್ಟು ದಿನ ಆಸ್ಪತ್ರೆಗೂ ಉದ್ದ ಅಂಗಿಯ ಕೆಳಗೆ ಪೈಜಾಮದಲ್ಲೇ ಹೋಗಿ ಬಂದಿದ್ದ. ಇವತ್ತು ಅಮ್ಮ ಮೊದಲ ಸಲ ನೋಡುವ ದಿನ, ಪೈಜಾಮದಲ್ಲಿ ಕಾಣುವುದು ಬೇಡವೆನ್ನಿಸಿತು. ಪ್ಯಾಂಟಿನ ಹುಕ್ಕು ತನ್ನ ಕೊಂಡಿಯ ಕಡೆ ನೋಡಿತೇ ಹೊರತು ಹತ್ತಿರ ಹೋಗಲಿಲ್ಲ. ಮಡಚಿಟ್ಟ ಬಟ್ಟೆ ಮುದುರುತ್ತದೆ, ಪೆಟ್ಟಿಗೆಯ ತೇವಕ್ಕೆ ಕುಗ್ಗುತ್ತದೆ, ಅದಕ್ಕೇನು ಮಾಡಲಾದೀತು ಎಂದುಕೊಂಡು ಬೆಲ್ಟು ಬಿಗಿದು ಅಂಗಿ ಇಳಿಬಿಟ್ಟ.

ಕನ್ನಡಕದ ಕೋಣೆಯಲ್ಲಿ ಅಮ್ಮನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿದರು. ಅಲ್ಲಿನ ಹುಡುಗಿ ಹೊಸ ಕನ್ನಡಕ ತೊಡಿಸಿ, ಕಿವಿಯ ಹಿಂದೆ ಸರಿಮಾಡಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಎಂದಳು. ಅಮ್ಮ ಗೋಡೆಯನ್ನು ನೋಡಲೇ ಇಲ್ಲ. ತಿರುಗಿ ಅವನನ್ನು ನೋಡಿದಳು. ಅವನು ಗಲ್ಲ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಫೋಟೋಗೆ ನಿಂತವನ ಹಾಗೆ ನಿಂತ. ಒಂದು ವರ್ಷದ ಸೋರೆಕಾಯಿ, ಡಿಪೋದ ಗೋಡೆ, ನಾಯಿಗಳು, ಎಲ್ಲವನ್ನೂ ಅಮ್ಮ ಒಂದೇ ನೋಟದಲ್ಲಿ ಓದಿಬಿಡುತ್ತಾಳೆ, ಅಳುತ್ತಾಳೆ, ಆಗ ಸಮಾಧಾನ ಮಾಡಬೇಕು ಎಂದು ಮಾತೂ ಜೋಡಿಸಿಕೊಂಡಿದ್ದ. ಅಮ್ಮ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನಡುವಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಯಾರು ಹೇಳಿದ್ದು ನೀನು ಕಡ್ಡಿ ಆಗಿದ್ದೀಯ ಅಂತ?" ಎಂದಳು. "ಇದ್ದ ಹಾಗೇ ಇದ್ದೀಯಲ್ಲೋ. ಸುಮ್ಮನೆ ಅಷ್ಟು ದಿನ ಅತ್ಕೊಂಡಿದ್ದೆ."

"ಹೊಸ ಕನ್ನಡಕ ಅಮ್ಮ. ಎಲ್ಲಾ ದಪ್ಪ ಕಾಣ್ಸುತ್ತೆ."

"ಈ ಹುಡುಗಿ ಸಣ್ಣಕ್ಕೇ ಕಾಣ್ತಿದ್ದಾಳಲ್ಲ" ಎಂದಳು ಅಮ್ಮ. ಹುಡುಗಿ ತಲೆ ತಗ್ಗಿಸಿ ಕನ್ನಡಕದ ಡಬ್ಬಿಯನ್ನು ಬಹಳ ಶ್ರದ್ಧೆಯಿಂದ ಒರೆಸಿದಳು.

ವಾಪಸ್ಸು ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿ ಬೇಕಾಯಿತು. ಇಷ್ಟು ದಿನ ಹತ್ತಿದ ಕೂಡಲೇ ಬಾಗಿಲ ಪಕ್ಕದ ಸೀಟಿನಲ್ಲಿ ಇಬ್ಬರೂ ಕುಳಿತುಬಿಡುತ್ತಿದ್ದರು. ಇವತ್ತು ಖಾಲಿ ಕಿಟಕಿ ಇದ್ದದ್ದು ಹಿಂದೆ. ಅಮ್ಮ ಕಂಡದ್ದನ್ನೆಲ್ಲ ಓದುತ್ತ, "ಧೂಮಪಾನ ನಿಷೇಧಿಸಿದೆ, ಕೈ ಹೊರಗೆ ಚಾಚಬಾರದು" ಎಂದು ಮಗುವಿನ ಹಾಗೆ ದೊಡ್ಡದಾಗಿ ಹೇಳುತ್ತ, ಕಂಬ ಹಿಡಿದು ಮುಂದೆ ಮುಂದೆ ಹೊರಟಳು. ಅವನು ಹಿಂದೆ ನಡೆದ. ನೆಟ್ಟಗೇ ನಡೆದ, ಬೆಳಗ್ಗೆಯ ಸಲೀಸು ಇನ್ನೂ ಮೈಯಲ್ಲಿತ್ತು. ಎರಡನೇ ಸಾಲಿನಲ್ಲೇ ಸೀಟಿನ ಕಬ್ಬಿಣದ ಹಿಡಿ ಅವನ ಪಕ್ಕೆಗೆ ಸಿಕ್ಕಿತು. ಎಡಕ್ಕೆ ಜರುಗಿದ, ಎಡಗಡೆಯದೂ ಸಿಕ್ಕಿತು. ಒಬ್ಬರು ಮೊಣಕಾಲು ಒಳಗೆಳೆದುಕೊಂಡರು. ಅದು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿದ್ದ ಸದ್ದು, ಬಟ್ಟೆ ಬಟ್ಟೆಗೆ ಉಜ್ಜಿ, ಚೀಲ ತೊಡೆಯ ಮೇಲಕ್ಕೆ ಹೋಗುವ ಸದ್ದು. ಹಿಂದಿನಿಂದ ಕಂಡಕ್ಟರ್ ಹೆಂಗಸು ಕೈಯಲ್ಲಿ ಟಿಕೆಟ್ ಮಿಷಿನ್ನು ಹಿಡಿದು, "ಸರ್, ಸ್ವಲ್ಪ ಅಡ್ಡ ತಿರುಗಿ ಹೋಗ್ತೀರಾ, ಬೇಗ ಆಗುತ್ತೆ" ಎಂದಳು. ಬಹಳ ವಿನಯದಿಂದಲೇ ಹೇಳಿದಳು. ಅವನು ಅಡ್ಡ ತಿರುಗಿದ. ಅಡ್ಡ ತಿರುಗಿ ಏಡಿಯ ಹಾಗೆ ಹೋಗುತ್ತಿರುವಾಗ ಅವನ ಕಣ್ಣ ಮುಂದೆ ಕಿಟಕಿಯ ಹೊರಗಿನ ರಸ್ತೆ ಕಾಣಲಿಲ್ಲ, ಸಾಲಾಗಿ ನೇತುಹಾಕಿದ ಛತ್ರಿಗಳು ಕಂಡವು. ಅಮ್ಮ ಕಿಟಕಿಯ ಬಳಿ ಕುಳಿತು ಅಂಗಡಿಗಳ ಬೋರ್ಡು ಓದುತ್ತಲೇ ಇದ್ದಳು. ಅವನಿಗೆ ಅಳು ಬರುವಂತಾಯಿತು. ಬೀರುವಿನ ದಾರಿ ಸುಳ್ಳೋ ಬಸ್ಸು ಸುಳ್ಳೋ, ಎರಡರಲ್ಲಿ ಒಂದು ತನಗೆ ಮೋಸ ಮಾಡಿದೆ ಎಂದು ಮಾತ್ರ ಗೊತ್ತಾಯಿತು.

ಮನೆಗೆ ಬಂದವಳೇ ಅಮ್ಮ ಅಡುಗೆಮನೆ ನೋಡಬೇಕೆಂದು ಹೊರಟು, ಓಣಿಯಲ್ಲಿ ನಿಂತುಬಿಟ್ಟಳು. ಕನ್ನಡಕ ಸರಿಮಾಡಿಕೊಂಡು ನೆಲ ನೋಡಿದಳು.

"ಇಲ್ಲಿ ಯಾಕಿಷ್ಟು ಗೆರೆ?"

ಅವನೂ ಬಗ್ಗಿದ. ದಿನಾ ಬಗ್ಗಿ ನೋಡುತ್ತಿದ್ದ ಜಾಗವೇ. ಬೀರುವಿನ ಕಾಲಿನ ಸುತ್ತ ಬಿಳಿ ಗೆರೆ ಅಚ್ಚುಕಟ್ಟಾಗಿತ್ತು. ಆದರೆ ಅದರ ಮುಂದೆ, ಒದ್ದೆ ಬಟ್ಟೆಯಿಂದ ಒರೆಸಿದ ಮಸುಕಿನಲ್ಲಿ, ಇನ್ನೊಂದು ಚೌಕ. ಅದರ ಮುಂದೆ ಇನ್ನೂ ಒಂದು. ಬೀರು ಹಿಂದಿನ ಗೋಡೆಯ ಕಡೆಗೆ, ಯಾರಿಗೂ ತಿಳಿಯದ ಹಾಗೆ, ಹಿಂದಕ್ಕೆ ಹಿಂದಕ್ಕೆ ನಡೆದುಹೋಗಿತ್ತು. ಹಿಂದೆ ಇದ್ದ ಹಲಗೆಗಳಲ್ಲಿ ಒಂದೂ ಉಳಿದಿರಲಿಲ್ಲ.

"ಭಾವಾ" ಎಂದು ಕರೆದ. ಗರಗಸದ ಸದ್ದು ನಿಂತಿತು. ಭಾವ ಮೈ ತುಂಬ ಮರದ ಪುಡಿ ಮಾಡಿಕೊಂಡು ಬಂದು, ನೆಲ ನೋಡಿ, ಅತ್ತೆಯ ಹೊಸ ಕನ್ನಡಕ ನೋಡಿ, ಸಿಕ್ಕಿಬಿದ್ದವನ ಹಾಗೆ ಕಿವಿಯ ಸಂದಿಯ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲಿಯೇ ಸಿಕ್ಕಿಸಿದ.

"ಏನು ಮಾಡ್ಲಪ್ಪ. ಒಂದು ದಿನ ಬೆಳಗ್ಗೆ ನೀನು ಇಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ನೀನು ನನ್ನ ನೋಡ್ಲಿಲ್ಲ. ನಿನ್ನ ಮುಖ ನೋಡಿ ಕರುಳು ಚುರುಕ್ ಅಂತು. ನಮ್ಮ ಕೆಲಸದಲ್ಲಿ ಡ್ರಾಯರ್ ಬಿಗಿ ಆದ್ರೆ ಒಂದು ಸಲ ಕೀಸುಳಿ ಹಾಕಿ ಹೆರೀತೀವಿ, ಸಲೀಸಾಗುತ್ತೆ. ನಿನಗೆ ಕೀಸುಳಿ ಹಾಕೋಕಾಗುತ್ತಾ? ಅದಕ್ಕೇ ನೀವಿಬ್ರೂ ಆಸ್ಪತ್ರೆಗೆ ಹೋದಾಗ ಒಂದು ಹಲಗೆ ತೆಗೆದು ಬೀರುನೇ ಸರಿಸಿದೆ. ಮಾರನೇ ದಿನ ನೀನು ಎಷ್ಟು ಖುಷಿಯಾಗಿದ್ದೆ. ಆಮೇಲೆ ಮತ್ತೆ ಬಿಗಿಯಾಯ್ತು. ಮತ್ತೆ ಸರಿಸಿದೆ."

"ರೀ, ಒಳ್ಳೇದೇ ಮಾಡಿದ್ದೀರ" ಎಂದಳು ಅಕ್ಕ ಒಳಗಿನಿಂದ.

ಅವನಿಗೆ ಕೂಗಾಡಬೇಕೆನ್ನಿಸಿತು. ನನ್ನ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕಿದಿರಿ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಬೀರುವಿಗೆ ಕೈಯಾನಿಸಿ ಮೆಲ್ಲಗೆ ನೆಲದ ಮೇಲೇ ಕುಳಿತುಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡು ಎಲ್ಲರೂ ಬಗ್ಗಿದರು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ನಾನು ಸಾಯ್ತಿದ್ದೀನಿ ಅಂದ್ಕೊಂಡಿದ್ದೆ ಕಣ್ರೋ" ಎಂದಳು. "ಕಣ್ಣು ಕಾಣ್ತಿರಲಿಲ್ವಲ್ಲ, ಸೊಂಟದ ಮೇಲೆ ಕೈ ಇಟ್ಕೊಂಡು ಇಲ್ಲಿ ನಡೀತಿದ್ದೆ. ಈ ಮೊಣಕೈಗೆ ಗೋಡೆ ತಾಗೋದು, ಈ ಮೊಣಕೈಗೆ ಬೀರು ತಾಗೋದು. ಹಾಗೇ ದಾರಿ ಗೊತ್ತಾಗೋದು. ಒಂದಿನ ಬೀರು ತಾಗ್ಲಿಲ್ಲ. ಸಾಮಾನು ಕದಲಲ್ಲ ಅಂತ ಅಳಿಯಂದ್ರು ಗೆರೆ ಹಾಕಿದ್ದಾರೆ, ಅಂದ್ಮೇಲೆ ಕುಗ್ತಿರೋದು ನಾನೇ. ದಿನಾ ದಿನಾ ಕುಗ್ತಿದ್ದೆ. ವಯಸ್ಸಾದೋರು ಹೀಗೇ ಸಣ್ಣಗಾಗಿ ಸಣ್ಣಗಾಗಿ ಹೋಗೋದೇನೋ, ನಿಮಗೆ ಹೇಳಿ ಯಾಕೆ ಗಾಬರಿ ಮಾಡ್ಲಿ ಅಂತ ಸುಮ್ನಿದ್ದೆ."

'ನಂಗ್ಯಾಕೆ ಇನ್ನು, ನೀನು ತಿನ್ನು' ಎಂದಿದ್ದಳು ಅಮ್ಮ. ಗರಿಗರಿ ಚೂರುಗಳು ಒಂದೊಂದಾಗಿ ತಟ್ಟೆ ದಾಟಿ ಬಂದದ್ದೆಲ್ಲ ಯಾಕೆಂದು ಅವನಿಗೆ ಒಟ್ಟಿಗೆ ಅರ್ಥವಾಯಿತು. ಅಮ್ಮ ಪ್ರಪಂಚ ಬಿಡಲು ತಯಾರಾಗಿ ಒಂದೊಂದೇ ಆಸೆ ಬಿಡುತ್ತ ಬಂದಿದ್ದಳು, ಅವನು ಅದನ್ನು ಕಚ್ಚಿ ಕಚ್ಚಿ ತಿಂದಿದ್ದ. ದುಃಖ ತಡೆಯದೆ ಅವನು ಅಮ್ಮನ ಕೈ ಹಿಡಿದುಕೊಂಡ. ಅಮ್ಮ ಅವನ ತೋಳು ಹಿಂಡಿ ನೋಡಿ, ತಾನು ಹುಡುಕುತ್ತಿದ್ದ ಮೂಟೆ ಸಿಕ್ಕ ಹಾಗೆ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯಿಂದ ಅವನ ದುಃಖಕ್ಕೆ ಸ್ವಲ್ಪ ಅವಮಾನವೂ ಬೆರೆಯಿತು.

"ಏಳಿ, ಇದನ್ನು ಮುಂದಕ್ಕೆ ತಳ್ಳಿ" ಎಂದಳು.

ಭಾವ, ಅವನು, ಅಕ್ಕ ಮೂವರೂ ಸೇರಿ ಬೀರುವನ್ನು ಮೊಟ್ಟಮೊದಲ ಚೌಕಕ್ಕೆ ತಂದು ನಿಲ್ಲಿಸಿದರು. ಅಮ್ಮ ಕನ್ನಡಕ ತೆಗೆದು ಅಕ್ಕನ ಕೈಗೆ ಕೊಟ್ಟಳು. ಕಣ್ಣು ಮುಚ್ಚಿ, ಜಗಳಕ್ಕೆ ಹೊರಟವಳ ಹಾಗೆ ಸೊಂಟದ ಮೇಲೆ ಕೈ ಇಟ್ಟು ಓಣಿಯೊಳಗೆ ನಡೆದಳು. ಎಡ ಮೊಣಕೈ ಗೋಡೆಗೆ ತಾಗಿತು, ಬಲ ಮೊಣಕೈ ಬೀರುವಿಗೆ ತಾಗಿತು. ಆ ಕಡೆ ಹೋಗಿ, ಅಷ್ಟಕ್ಕೇ ತೃಪ್ತಿಯಾಗದೆ ಈ ಕಡೆ ಬಂದಳು, ಮತ್ತೆ ಆ ಕಡೆ ಹೋದಳು. ಅವಳ ಮುಖ ಅರಳಿತು. "ನೋಡಿ, ಎಳ್ಳಷ್ಟೂ ಕುಗ್ಗಿಲ್ಲ" ಎಂದಳು. ಆಮೇಲೆ ಕನ್ನಡಕ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಅವನ ಕಡೆ ನೋಡಿ, "ಈಗ ನೀನು ಬಾ. ನಿನ್ನ ಮ್ಯಾನೇಜರು ಹೇಗೆ ನೋಡ್ತಾನೋ ಹಾಗೆ ನೋಡ್ತೀನಿ" ಎಂದಳು. ಅವನು ಬಂದ. ಅರ್ಧ ದಾರಿ ಬಂದ. ಹಿತ್ತಾಳೆ ಹಿಡಿ ಹಳೆಯ ಸ್ನೇಹಿತನ ಹಾಗೆ ಪಕ್ಕೆಯನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಭಾವ ಹಿಂದಿನಿಂದ ಮೆತ್ತಗೆ ತಳ್ಳಿದ. "ತಳ್ಳಬೇಡಿ ಅಳಿಯಂದ್ರೇ, ಅಲ್ಲಿ ತಳ್ಳೋಕೆ ಯಾರಿರ್ತಾರೆ" ಎಂದಳು ಅಮ್ಮ. ಅವನು ಹಿಂದೆ ಸರಿದ. ರಜ ಇನ್ನೆಷ್ಟು ಉಳಿದಿದೆ ಎಂದು ಅಮ್ಮ ಕೇಳಿದಳು, ಹೇಳಿದ. "ಆಗುತ್ತೆ. ದಿನಾ ಬೆಳಗ್ಗೆ ನಾನು ಇಲ್ಲಿ ನಿಂತಿರ್ತೀನಿ" ಎಂದಳು.

ಊಟಕ್ಕೆ ಕುಳಿತಾಗ ಅಕ್ಕ ಎಂದಿನ ಹಾಗೆ ಬಾಣಲೆ ಹಿಡಿದು ಬಂದಳು. ಇಷ್ಟೆಲ್ಲ ಆದ ಮೇಲೆ ಪಾಪ, ಇವತ್ತೊಂದು ದಿನ ತಿನ್ನಲಿ ಎಂದು ಅವನ ತಟ್ಟೆಗೆ ಕೈತುಂಬ ಬಡಿಸಿದಳು. ಅವನು ಸಾಕು ಎನ್ನಲಿಲ್ಲ. ಅವನಿಗೆ ಬಹಳ ಹಸಿವಾಗಿತ್ತು, ಸಂಕಟವಾದಾಗ ಅವನಿಗೆ ಯಾವಾಗಲೂ ಹೀಗೇ ಹಸಿವಾಗುತ್ತಿತ್ತು. ತಳ ಹಿಡಿದ ಗರಿಗರಿ ಚೂರುಗಳೇ ಹೆಚ್ಚಾಗಿ ಬಿದ್ದಿದ್ದವು. ಒಂದನ್ನು ಎತ್ತಿಕೊಳ್ಳಬೇಕೆಂದು ಬೆರಳು ಚಾಚಿದಾಗ ಪಕ್ಕದಿಂದ ಅಮ್ಮನ ಕೈ ಬಂತು. ತಡಕದೆ, ಗುರಿಯಿಟ್ಟು, ನೇರವಾಗಿ ಬಂತು. ಆ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಮತ್ತೊಂದನ್ನು ಎತ್ತಿದಳು, ಅದರ ಪಕ್ಕದ್ದನ್ನೂ ಎತ್ತಿದಳು. ಕೆಂಪಗೆ ಹುರಿದವನ್ನೆಲ್ಲ ಕನ್ನಡಕದೊಳಗಿಂದ ನೋಡಿ ನೋಡಿ ಆರಿಸಿ ತನ್ನ ತಟ್ಟೆಗೆ ಹಾಕಿಕೊಂಡಳು.

"ಅಮ್ಮಾ" ಎಂದ ಅವನು.

"ಇವು ನಂದು" ಎಂದಳು ಅಮ್ಮ, ಬಾಯಿ ತುಂಬಿಕೊಂಡು. ಗರಿಗರಿ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಅವನು ತಟ್ಟೆಯಲ್ಲಿ ಉಳಿದದ್ದನ್ನು ತಿಂದು, ಹಸಿವು ಇನ್ನೂ ಇರುವಾಗಲೇ ಎದ್ದು ಕೈ ತೊಳೆದುಕೊಂಡ.